ನರಹುಲಿಯ ಮದ್ದು: ಪದ, ಪಾಠ ಮತ್ತು ಪ್ರಮಾಣ

ಕನ್ನಡ ಶಾಸ್ತ್ರಸಾಹಿತ್ಯವನ್ನು ಕುರಿತ ಅಧ್ಯಯನಗಳಲ್ಲಿ ವೈದ್ಯಗ್ರಂಥಗಳಿಗೆ ಗೌರವದ ಸ್ಥಾನವೊಂದು ಸಂದಿದೆ. ಆದರೆ ಅದು ಬಹುಮಟ್ಟಿಗೆ ದೂರದಿಂದ ಸಲ್ಲಿಸಿದ ಗೌರವ. ಕವಿಯ ಕಾಲ, ಮತ, ಆಶ್ರಯದಾತ, ಛಂದಸ್ಸು, ಅಧ್ಯಾಯ ವಿಭಾಗ ಇವುಗಳನ್ನು ನಿರ್ಣಯಿಸಿದ ಬಳಿಕ ಸಾಹಿತ್ಯ ಚರಿತ್ರಕಾರನ ಕೆಲಸ ಮುಗಿದಂತಾಗುತ್ತದೆ. ಗ್ರಂಥದಲ್ಲಿ ಹೇಳಿರುವ ಮದ್ದು ಯಾವುದು, ಅದನ್ನು ನಂಬಿ ಇಂದು ಯಾರಾದರೂ ಬಳಸಿದರೆ ಏನಾದೀತು ಎಂಬ ಪ್ರಶ್ನೆಗಳನ್ನು ನಾವು ಕೇಳಿಕೊಂಡದ್ದು ಕಡಿಮೆ. ಕೇಳಿಕೊಳ್ಳಲೇಬೇಕಾದ ಸಂದರ್ಭವೊಂದು ಅಂಧೇರಿಯ ನನ್ನ ಮನೆಯಲ್ಲಿಯೇ ನನಗೆ ಒದಗಿತು.

ಪ್ರಸ್ತುತ ಲೇಖನದ ವಸ್ತು ನೋಡುವುದಕ್ಕೆ ಸಣ್ಣದು. ಕೈಬೆರಳಿನ ಮೇಲೆ ಏಳುವ ನರಹುಲಿ ಮತ್ತು ಅದನ್ನು ತೆಗೆಯುವ ಬಗೆಯನ್ನು ಕುರಿತ ತಿಳಿವಳಿಕೆ, ಇಷ್ಟೇ. ಆದರೆ ಇಂಥ ತಿಳಿವಳಿಕೆಯಲ್ಲಿ ನಂಬತಕ್ಕದ್ದು ಯಾವುದು, ನಂಬಬಾರದ್ದು ಯಾವುದು ಎಂದು ವಿವೇಚಿಸಹೊರಟರೆ ನಾವು ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿಸುವ ತತ್ತ್ವಗಳೇ ಎದುರಾಗುತ್ತವೆ. ಆ ತತ್ತ್ವಗಳು ಎಲ್ಲಿಯವರೆಗೆ ನಮ್ಮ ಕೈಹಿಡಿಯುತ್ತವೆ, ಎಲ್ಲಿ ಕೈಬಿಡುತ್ತವೆ ಎಂಬುದನ್ನು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

1. ಪ್ರಸಂಗ

ಕೆಲವು ವರ್ಷಗಳ ಹಿಂದೆ ಅಂಧೇರಿ ಪೂರ್ವದ ಹೋಟೆಲೊಂದರಲ್ಲಿ ದುಡಿಯುತ್ತಿದ್ದ, ಕುಂದಾಪುರದ ಕಡೆಯ ಒಬ್ಬ ತರುಣ ನನ್ನಲ್ಲಿಗೆ ಬಂದ. ಆತನ ಬಲಗೈಯ ಎರಡು ಬೆರಳುಗಳ ಮೇಲೆ ನಾಲ್ಕಾರು ನರಹುಲಿಗಳೆದ್ದಿದ್ದವು. ತಟ್ಟೆ ತಂದಿಡುವ ಕೈಯನ್ನು ನೋಡಿ ಗಿರಾಕಿಯೊಬ್ಬರು ಗಲ್ಲಾದಲ್ಲಿ ದೂರಿದ್ದರು. ಇದು ಹೋಗುವ ತನಕ ಬಡಿಸುವ ಕೆಲಸ ಬೇಡ, ಒಳಗೆ ಪಾತ್ರೆ ತೊಳೆ ಎಂದು ಧಣಿ ಹೇಳಿದ್ದರು. ಬಡಿಸುವವನಿಗೆ ಸಿಗುವ ಭಕ್ಷೀಸು ಪಾತ್ರೆ ತೊಳೆಯುವವನಿಗೆ ಇಲ್ಲ. ಹಾಗಾಗಿ ನರಹುಲಿ ಆತನಿಗೆ ಕೇವಲ ಅಂದಚಂದದ ವಿಷಯವಾಗಿರಲಿಲ್ಲ. ಊರಿಗೆ ಕಳುಹಿಸುವ ಹಣದ ವಿಷಯವಾಗಿತ್ತು.

ಆತನ ಕೈಯಲ್ಲಿ ಅಜ್ಜ ಬರೆದಿಟ್ಟಿದ್ದ ಒಂದು ಹಳೆಯ ನೋಟುಪುಸ್ತಕವಿತ್ತು. ಕರಾವಳಿಯ ಅನೇಕ ಮನೆಗಳಲ್ಲಿ ಇಂಥ ಮದ್ದಿನ ಪುಸ್ತಕಗಳಿವೆ. ಓಲೆಗರಿಯಿಂದ ಕಾಗದಕ್ಕೆ, ಒಂದು ಕಾಗದದಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದವು ಅವು. “ಸರ್, ಇದರಲ್ಲಿ ನರಹುಲಿಗೆ ಮದ್ದು ಉಂಟಂತೆ. ನನಗೆ ಈ ಅಕ್ಷರ ಕೂಡಿ ಬರುವುದಿಲ್ಲ. ಸ್ವಲ್ಪ ಓದಿ ಹೇಳ್ತೀರಾ?” ಎಂದು ಆತ ಕೇಳಿದ. ಹಳೆಯ ಮೋಡಿಯ ಬರೆವಣಿಗೆಯನ್ನು ಕಂಡರೆ ಉತ್ಸಾಹಗೊಳ್ಳುವುದು ನಮ್ಮ ವೃತ್ತಿಯವರ ಗುಣ. ನಾನು ಭೂತಕನ್ನಡಿ ಹಿಡಿದು ಓದಿದೆ. ಗೇರಿನ ಎಣ್ಣೆಯನ್ನು ನರಹುಲಿಗೆ ಮುಟ್ಟಿಸಬೇಕು ಎಂದಿತ್ತು. ಅದರ ಮುಂದಿನ ಎರಡು ಮೂರು ಪದಗಳು ಹಾಳೆಯ ಅಂಚು ಹರಿದು ಹೋಗಿದ್ದವು; “ಸುತ್ತ” ಎಂಬುದಷ್ಟೇ ಉಳಿದಿತ್ತು. ಯಾವ ಗೇರು ಎಂದು ಆತ ಕೇಳಿದಾಗ, ನಿಮ್ಮೂರಿನ ಗೇರೇ, ಗೋಡಂಬಿಯ ಮರ ಎಂದು ನಾನು ಕೂಡಲೇ ಉತ್ತರಿಸಿದೆ.

ಆತ ಊರಿನಿಂದ ಬರುವ ಬಸ್ಸಿನಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ತರಿಸಿಕೊಂಡು ಮೂರು ರಾತ್ರಿ ಹಚ್ಚಿಕೊಂಡ. ಬೆರಳುಗಳು ಬೊಬ್ಬೆಯೆದ್ದು ಬಾತವು. ಚರ್ಮ ಸುಲಿದು ಹುಣ್ಣಾಯಿತು. ಹನ್ನೆರಡು ದಿನ ಕೆಲಸವಿಲ್ಲ, ಕೂಲಿಯಿಲ್ಲ. ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ವೈದ್ಯೆಯೊಬ್ಬರು ಗದರಿಸಿ, ಇದನ್ನು ಹಚ್ಚಲು ಹೇಳಿದವರು ಯಾರು ಎಂದು ವಿಚಾರಿಸಿದರಂತೆ. ಅಜ್ಜನ ಪುಸ್ತಕದಲ್ಲಿತ್ತು ಎಂದು ಹೇಳಿದೆ ಸರ್ ಎಂದು ಆತ ನನಗೆ ತಿಳಿಸಿದ. ನನ್ನ ಹೆಸರನ್ನು ಹೇಳಿರಲಿಲ್ಲ. ಓದಿ ಹೇಳಿದವನು ನಾನು ಎಂಬುದು ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದಿದೆ. ಈ ಲೇಖನ ಆ ಓದಿನ ಪುನರ್ವಿಮರ್ಶೆ.

2. ಪದದ ಸಮಸ್ಯೆ

ಮೊದಲ ತೊಡಕು ರೋಗದ ಹೆಸರಿನಲ್ಲಿಯೇ ಇದೆ. ಕನ್ನಡದಲ್ಲಿ ನರಹುಲಿ, ನರೂಲಿ ಮೊದಲಾದ ರೂಪಗಳು ಬಳಕೆಯಲ್ಲಿವೆ. ಪದದ ನಿಷ್ಪತ್ತಿ ಏನೇ ಇರಲಿ, ಕೇಳುವವನ ಕಿವಿಗೆ ಅದರಲ್ಲಿ ‘ನರ’ ಎಂಬುದು ಸ್ಪಷ್ಟವಾಗಿ ಕೇಳಿಸುತ್ತದೆ. ಆದುದರಿಂದಲೇ ನರಹುಲಿಗೆ ಬೇರಿದೆ, ಅದು ನರದಲ್ಲಿ ಊರಿದೆ, ಬೇರುಸಹಿತ ಕೀಳದಿದ್ದರೆ ಮತ್ತೆ ಚಿಗುರುತ್ತದೆ ಎಂಬ ಭಾವನೆ ಜನರಲ್ಲಿ ಬಲವಾಗಿದೆ. ಮರಾಠಿಯಲ್ಲಿ ಇದಕ್ಕೆ ಚಾಮಖೀಳ ಎಂದು ಹೆಸರು. ಚರ್ಮದಲ್ಲಿ ನೆಟ್ಟ ಮೊಳೆ ಎಂದರ್ಥ. ಸಂಸ್ಕೃತದ ಚರ್ಮಕೀಲದ ಅರ್ಥವೂ ಅದೇ. ಮೊಳೆ ಎಂದ ಮೇಲೆ ಕೀಳಬೇಕು ಎಂಬ ಯೋಚನೆ ತಾನಾಗಿ ಹುಟ್ಟುತ್ತದೆ. ವಸ್ತುಸ್ಥಿತಿ ಬೇರೆ. ನರಹುಲಿ ಚರ್ಮದ ಮೇಲುಪದರದ ಬೆಳವಣಿಗೆ. ಅದರ ಕೆಳಗೆ ಬೇರಿಲ್ಲ, ನರಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆರೆದಾಗ ಕಾಣುವ ಕಪ್ಪು ಚುಕ್ಕೆಗಳು ಹೆಪ್ಪುಗಟ್ಟಿದ ಸೂಕ್ಷ್ಮ ರಕ್ತನಾಳಗಳ ತುದಿಗಳು. ಬ್ಲೇಡಿನಿಂದಲೂ ಸೂಜಿಯಿಂದಲೂ ‘ಬೇರು’ ತೆಗೆಯಹೊರಟವರು ಗಾಯ ಮಾಡಿಕೊಂಡು ಸೋಂಕನ್ನು ಹರಡಿಕೊಳ್ಳುತ್ತಾರೆ. ರೂಪಕವೊಂದು ಚಿಕಿತ್ಸೆಯನ್ನು ನಿರ್ದೇಶಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಬಹುಭಾಷಿಕ ನಗರದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಪಾದದಲ್ಲಿ ಒತ್ತಡದಿಂದ ಆಗುವ ಗಡಸು ಗಂಟಿಗೆ ಕನ್ನಡದಲ್ಲಿ ಆಣಿ ಎಂದೂ ಮರಾಠಿಯಲ್ಲಿ ಕುರೂಪ ಎಂದೂ ಹೆಸರು. ಮರಾಠಿ ವೈದ್ಯರು ಕುರೂಪ ಎಂದು ರೋಗನಿರ್ಣಯ ಮಾಡಿದರೆ, ಹೊಸದಾಗಿ ಊರಿನಿಂದ ಬಂದ ಕನ್ನಡಿಗನಿಗೆ ಅದು ಬೈಗುಳದಂತೆ ಕೇಳಿಸೀತು. ಹಿಂದಿಯ ಮಸ್ಸಾ ಎಂಬ ಮಾತು ನರಹುಲಿಗೂ ಸಲ್ಲುತ್ತದೆ, ಮೂಲವ್ಯಾಧಿಯ ಗಂಟಿಗೂ ಸಲ್ಲುತ್ತದೆ. ಲೋಕಲ್ ರೈಲಿನ ಡಬ್ಬಿಗಳಲ್ಲಿಯೂ ನಿಲ್ದಾಣದ ಹೊರಗಿನ ಗೋಡೆಗಳಲ್ಲಿಯೂ ಅಂಟಿಸುವ ಚೀಟಿಗಳಲ್ಲಿ ಮಸ್ಸಾ ನಿರ್ಮೂಲನದ ಭರವಸೆಯನ್ನು ಓದಿದವನಿಗೆ ಅದು ಎರಡರಲ್ಲಿ ಯಾವುದು ಎಂಬುದೇ ತಿಳಿಯುವುದಿಲ್ಲ. ಪವಾಡಸದೃಶ ಮದ್ದುಗಳ ಜಾಹೀರಾತನ್ನು ನಿರ್ಬಂಧಿಸುವ ಕಾಯಿದೆ ನಮ್ಮ ದೇಶದಲ್ಲಿ 1954ರಿಂದಲೇ ಇದೆ. ಆದರೆ ಪದದ ಸಂದಿಗ್ಧತೆಯನ್ನು ಯಾವ ಕಾಯಿದೆಯೂ ನಿವಾರಿಸಲಾರದು.

ಇಲ್ಲಿ ಭಾಷೆಯ ವಿದ್ಯಾರ್ಥಿಗೆ ನೇರವಾದ ಕೆಲಸವಿದೆ. ನರಹುಲಿ, ಆಣಿ, ಮಚ್ಚೆ ಇವು ಮೂರು ಬೇರೆ ಬೇರೆ ಎಂಬುದನ್ನು ಹೇಳಿ, ಲಕ್ಷಣಗಳನ್ನು ಬಿಡಿಸಿ ತೋರಿಸಬೇಕು. ನರಹುಲಿಯ ಮೇಲೆ ಚರ್ಮದ ಸಹಜವಾದ ಗೆರೆಗಳು ಅಳಿಸಿಹೋಗಿರುತ್ತವೆ; ಆಣಿಯ ಮೇಲೆ ಅವು ಮುಂದುವರಿದಿರುತ್ತವೆ. ಪಾದದ ನರಹುಲಿಯನ್ನು ಎರಡು ಬದಿಗಳಿಂದ ಹಿಂಡಿದರೆ ನೋವು ಹೆಚ್ಚು. ಆಣಿಯನ್ನು ನೇರವಾಗಿ ಒತ್ತಿದರೆ ನೋವು ಹೆಚ್ಚು. ಮಚ್ಚೆ ಬಣ್ಣದ ಕಣಗಳ ಗುಂಪು. ಅದಕ್ಕೆ ಮದ್ದು ಹಚ್ಚಿ ಸುಡುವುದು ಅಪಾಯಕರ, ಏಕೆಂದರೆ ಬಣ್ಣ ಬದಲಾಗುವ ಮಚ್ಚೆಗಳಲ್ಲಿ ಕ್ಯಾನ್ಸರಿನವೂ ಇರಬಲ್ಲವು. ಹೆಸರು ತಪ್ಪಿದರೆ ಸರಿಯಾದ ಮದ್ದು ಕೂಡ ತಪ್ಪು ಮದ್ದಾಗುತ್ತದೆ.

3. ಗೇರು ಯಾವುದು?

ಇನ್ನು ನನ್ನ ತಪ್ಪಿನ ವಿಚಾರ. ಗೇರು ಎಂದರೆ ಇಂದು ಕರಾವಳಿ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಗೋಡಂಬಿಯ ಮರ. ಆದರೆ ಈ ಮರ ನಮ್ಮ ನಾಡಿನದಲ್ಲ. ಬ್ರೆಜಿಲಿನಿಂದ ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದವರು ಪೋರ್ಚುಗೀಸರು. ಅದು 16ನೆಯ ಶತಮಾನದ ಸಂಗತಿ. ಗೇರು ಎಂಬ ಪದವೋ ಅದಕ್ಕಿಂತ ಬಹಳ ಹಳೆಯದು. ಕನ್ನಡದ ಕೇರ್, ಗೇರು ಎಂಬ ರೂಪಗಳಿಗೆ ತಮಿಳು ಮಲಯಾಳಗಳಲ್ಲಿ ಚೇರ್ ಎಂಬುದು ಸಂವಾದಿ. ಕನ್ನಡದ ಕಿವಿ ತಮಿಳಿನಲ್ಲಿ ಚೆವಿಯಾದಂತೆ, ತಾಲವ್ಯ ಸ್ವರದ ಹಿಂದಿನ ಕಕಾರ ಅಲ್ಲಿ ಚಕಾರವಾಗಿದೆ. ಈ ಧ್ವನಿವ್ಯತ್ಯಾಸ ಪೋರ್ಚುಗೀಸರ ಕಾಲದ್ದಲ್ಲ. ದ್ರಾವಿಡ ಭಾಷೆಗಳ ಪ್ರಾಚೀನ ಘಟ್ಟಕ್ಕೆ ಸೇರಿದ್ದು. ಆದುದರಿಂದ ಹಳೆಯ ಪಠ್ಯಗಳಲ್ಲಿ ಬರುವ ಗೇರು ಗೋಡಂಬಿಯಾಗಿರಲು ಸಾಧ್ಯವೇ ಇಲ್ಲ. ಅದು ಸಂಸ್ಕೃತದ ಭಲ್ಲಾತಕ, ಮರಾಠಿಯ ಬಿಬ್ಬಾ, ಹಿಂದಿಯ ಭಿಲಾವಾ. ಸಸ್ಯಶಾಸ್ತ್ರಜ್ಞರು ಸೆಮಿಕಾರ್ಪಸ್ ಅನಕಾರ್ಡಿಯಂ ಎಂದು ಕರೆಯುವ ಮರ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಇದರ ಕಾಯಿಯ ರಸದಿಂದ. ಹೊಸ ಮರ ಬಂದು ಹಳೆಯ ಹೆಸರನ್ನು ಆಕ್ರಮಿಸಿಕೊಂಡಾಗ ಹಳೆಯ ಮರಕ್ಕೆ ಕರಿಗೇರು, ಗುಡ್ಡೆಗೇರು ಎಂದು ವಿಶೇಷಣ ಸೇರಿಸಬೇಕಾಯಿತು.

ಗೋಡಂಬಿ ಎಂಬ ಪದದ ಕಥೆಯೂ ಇಂಥದೇ. ಮರಾಠಿಯಲ್ಲಿ ಗೋಡಂಬಿ ಎಂದರೆ ಬಿಬ್ಬೆಯ ಕಾಯಿಯೊಳಗಿನ ತಿರುಳು. ಪೋರ್ಚುಗೀಸರು ತಂದದ್ದು ಅಲ್ಲಿ ಕಾಜೂ. ಕನ್ನಡದಲ್ಲಿ ಗೋಡಂಬಿಯೇ ಕಾಜೂ ಆಗಿದೆ. ಅಂಧೇರಿಯ ಗಿಡಮೂಲಿಕೆಯ ಅಂಗಡಿಯಲ್ಲಿ ಕನ್ನಡಿಗನೊಬ್ಬ ಗೋಡಂಬಿ ಕೇಳಿದರೆ ಮರಾಠಿ ಅಂಗಡಿಯವನು ಬೇರೊಂದನ್ನೇ ಕೊಟ್ಟಾನು.

ಇಷ್ಟನ್ನೂ ನಾನು ತರಗತಿಯಲ್ಲಿ ಅರ್ಥಪಲ್ಲಟದ ಉದಾಹರಣೆಯಾಗಿ ಅನೇಕ ಸಲ ಹೇಳಿದ್ದವನೇ. ಎದುರಿಗೆ ಕೈಚಾಚಿ ಕುಳಿತ ತರುಣನಿಗೆ ಹೇಳುವಾಗ ಮಾತ್ರ ನೆನಪಾಗಲಿಲ್ಲ. ಪಾಠದ ಶಿಸ್ತು ತರಗತಿಯ ಹೊಸ್ತಿಲು ದಾಟಿರಲಿಲ್ಲ ಎಂಬುದೇ ಇದರ ಅರ್ಥ.

ಎರಡನೆಯ ದೋಷ ಹರಿದ ಅಂಚಿನದು. “ಸುತ್ತ” ಎಂಬುದರ ಮುಂದೆ ಏನಿದ್ದಿರಬಹುದು? ತೀಕ್ಷ್ಣವಾದ ಮದ್ದನ್ನು ಮುಟ್ಟಿಸುವಾಗ ಸುತ್ತಲಿನ ಚರ್ಮಕ್ಕೆ ತುಪ್ಪವನ್ನೋ ತೆಂಗಿನ ಎಣ್ಣೆಯನ್ನೋ ಸವರಿ ಕಾಪಾಡಿಕೊಳ್ಳುವುದು ನಾಟಿ ವೈದ್ಯರ ರೂಢಿ. ಕಳೆದುಹೋದ ಪದಗಳಲ್ಲಿ ಆ ಎಚ್ಚರಿಕೆ ಇದ್ದಿರುವುದು ಸಂಭವನೀಯ. ಮದ್ದು ಉಳಿದು ಎಚ್ಚರಿಕೆ ಅಳಿದ ಪಾಠ ಅದು. ಕಾವ್ಯದಲ್ಲಿ ಒಂದು ಅರ್ಧಾಕ್ಷರ ಲೋಪವಾದರೆ ಚುಕ್ಕೆಗಳನ್ನಿಟ್ಟು ‘ಇಲ್ಲಿ ಗ್ರಂಥಪಾತವಿದೆ’ ಎಂದು ಸೂಚಿಸುವ ನಾವು, ಮೌಖಿಕವಾಗಿ ಓದಿ ಹೇಳುವಾಗ ಆ ಲೋಪವನ್ನು ನುಂಗಿಬಿಡುತ್ತೇವೆ. ಕೇಳುವವನಿಗೆ ಚುಕ್ಕೆಗಳು ಕೇಳಿಸುವುದಿಲ್ಲ.

4. ಪಾಠಶುದ್ಧಿಯಿಂದ ಸಾಕೇ?

ಇಲ್ಲಿಯವರೆಗಿನದು ನಮಗೆ ಪರಿಚಿತವಾದ ದಾರಿ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ಯಾವ ವಿದ್ಯಾರ್ಥಿಯಾದರೂ ಈ ದೋಷಗಳನ್ನು ಗುರುತಿಸಬಲ್ಲ. ಆದರೆ ನಾನು ಗೇರನ್ನು ಸರಿಯಾಗಿ ಕರಿಗೇರು ಎಂದೇ ಗುರುತಿಸಿ ಹೇಳಿದ್ದರೆ ಆ ತರುಣನ ಬೆರಳು ಉಳಿಯುತ್ತಿತ್ತೇ? ಇಲ್ಲ. ಗೋಡಂಬಿಯೂ ಕರಿಗೇರೂ ಒಂದೇ ಸಸ್ಯಕುಟುಂಬದವು. ಎರಡರ ಕಾಯಿಯ ಸಿಪ್ಪೆಯಲ್ಲಿಯೂ ಚರ್ಮವನ್ನು ಸುಡುವ ಎಣ್ಣೆಯಿದೆ. ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆ ಸುಲಿಯುವ ಹೆಂಗಸರು ಕೈಗೆ ಎಣ್ಣೆ, ಬೂದಿ ಸವರಿಕೊಂಡು ಕೆಲಸ ಮಾಡುವುದು ಇದಕ್ಕಾಗಿಯೇ. ಭಲ್ಲಾತಕವಂತೂ ಇನ್ನೂ ತೀಕ್ಷ್ಣ. ಅದನ್ನು ಇಟ್ಟಿಗೆಯ ಪುಡಿಯಲ್ಲಿ ಉಜ್ಜಿ ಶೋಧಿಸದೆ ಬಳಸಬಾರದೆಂದು ಆಯುರ್ವೇದವೇ ವಿಧಿಸುತ್ತದೆ. ಅಂದರೆ ಸರಿಯಾದ ಪಾಠ ಸರಿಯಾಗಿ ಸುಡುತ್ತಿತ್ತು, ಅಷ್ಟೆ.

ಈ ಲೇಖನದ ಮುಖ್ಯ ಪ್ರತಿಪಾದನೆ ಇದು: ಗ್ರಂಥ ಏನು ಹೇಳುತ್ತದೆ ಎಂಬುದು ಒಂದು ಪ್ರಶ್ನೆ, ಗ್ರಂಥ ಹೇಳಿದ್ದು ನಿಜವೇ ಎಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರಿಸುವ ಅಧಿಕಾರ ನಮಗಿದೆ. ಅದರ ಬಲದಿಂದ ಎರಡನೆಯದಕ್ಕೂ ಉತ್ತರಿಸಿಬಿಡುವುದು ಅಧಿಕಾರದ ಅತಿಕ್ರಮ.

ನಮ್ಮ ಪ್ರಾಚೀನರಿಗೆ ಈ ಭೇದ ತಿಳಿದಿತ್ತು. ಚರಕಸಂಹಿತೆಯ ಸೂತ್ರಸ್ಥಾನ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂದು ನಾಲ್ಕು ಬಗೆಯ ಪರೀಕ್ಷೆಗಳನ್ನು ಹೇಳುತ್ತದೆ. ಆಪ್ತರ ಮಾತು ಅವುಗಳಲ್ಲಿ ಒಂದು ಮಾತ್ರ. ಸುಶ್ರುತಸಂಹಿತೆ ಚರ್ಮಕೀಲವನ್ನು ಅರ್ಶಸ್ಸಿನ ಪ್ರಕರಣದಲ್ಲಿಯೂ, ಉದ್ದಿನ ಕಾಳಿನಂತೆ ಉಬ್ಬಿದ ನೋವಿಲ್ಲದ ಮಷಕವನ್ನು ಕ್ಷುದ್ರರೋಗಗಳಲ್ಲಿಯೂ ಸೇರಿಸಿ, ಮಷಕವನ್ನು ಶಸ್ತ್ರದಿಂದ ತೆಗೆದು ಕ್ಷಾರದಿಂದಲೋ ಬೆಂಕಿಯಿಂದಲೋ ಮೆಲ್ಲಮೆಲ್ಲನೆ ಸುಡಬೇಕೆಂದು ಹೇಳುತ್ತದೆ. ಇಲ್ಲಿ ಗಮನಿಸಬೇಕಾದದ್ದು ‘ಮೆಲ್ಲಮೆಲ್ಲನೆ’ ಎಂಬುದನ್ನು. ಅದು ಕೈಪಳಗಿದ ವೈದ್ಯನಿಗೆ ಹೇಳಿದ ಮಾತು. ಗುರುವಿನ ಎದುರಿನಲ್ಲಿ ಕಲಿಯಬೇಕಾದ ಹದ. ಆ ಹದ ನೋಟುಪುಸ್ತಕದಲ್ಲಿ ನಕಲಾಗುವುದಿಲ್ಲ.

ಕನ್ನಡದ ವೈದ್ಯಪರಂಪರೆಯೂ ಹೀಗೆಯೇ ತನ್ನ ಆಕರಗಳನ್ನು ಮುಚ್ಚಿಟ್ಟದ್ದಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ ಮನೆ, ಬಾವಿ, ಕೃಷಿ, ಅಡುಗೆಗಳೊಂದಿಗೆ ವೈದ್ಯವನ್ನೂ ಸೇರಿಸಿಕೊಂಡಿತು. 12ನೆಯ ಶತಮಾನದ ಕೀರ್ತಿವರ್ಮ ‘ಗೋವೈದ್ಯ’ವನ್ನು ಬರೆದ. ಅದೇ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ, ಮದ್ಯ ಮಾಂಸಗಳನ್ನು ಬಿಟ್ಟ ಚಿಕಿತ್ಸಾಕ್ರಮ ಅದರ ವೈಶಿಷ್ಟ್ಯ. 14ನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷಚಿಕಿತ್ಸೆಯನ್ನು 16 ಅಧಿಕಾರಗಳಲ್ಲಿ ವಿಸ್ತರಿಸಿದ, ಪೂಜ್ಯಪಾದರಿಗೆ ತಾನು ಋಣಿಯೆಂಬುದನ್ನು ಆತನೂ ಹೇಳಿಕೊಂಡಿದ್ದಾನೆ. ಆಕರವನ್ನು ಹೇಳುವುದು, ತಿಳಿವಳಿಕೆಯನ್ನು ದೇಶಭಾಷೆಯಲ್ಲಿ ಕೊಡುವುದು ಈ ಎರಡೂ ಅವರ ಆದರ್ಶಗಳು. ನಾವು ಅವರಿಂದ ಪಡೆಯಬೇಕಾದದ್ದು ಈ ಆದರ್ಶಗಳನ್ನು. ಅವರು ಹೇಳಿದ ಮದ್ದುಗಳನ್ನು ಪರೀಕ್ಷೆಯಿಲ್ಲದೆ ಮುಂದಾಟಿಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

5. ಇಂದು ತಿಳಿದಿರುವುದು

ಹಾಗಾದರೆ ನರಹುಲಿಯ ವಿಷಯದಲ್ಲಿ ಪರೀಕ್ಷೆಗೊಳಗಾದ ತಿಳಿವಳಿಕೆ ಯಾವುದು? ಸಂಕ್ಷೇಪವಾಗಿ ಹೇಳಬಹುದು.

ನರಹುಲಿ ವೈರಸ್ಸಿನಿಂದ ಬರುತ್ತದೆ. 1907ರಲ್ಲಿ ಇಟಲಿಯ ಜುಸೆಪ್ಪೆ ಚ್ಯುಫೊ ಎಂಬ ವೈದ್ಯ ನರಹುಲಿಯನ್ನು ಅರೆದು, ಜೀವಕೋಶಗಳೂ ಬ್ಯಾಕ್ಟೀರಿಯಗಳೂ ಉಳಿಯದಂತೆ ಸೋಸಿದ ದ್ರವದಿಂದಲೇ ಹೊಸ ನರಹುಲಿ ಹುಟ್ಟುವುದನ್ನು ತೋರಿಸಿದ. ಇಂದು ಹ್ಯೂಮನ್ ಪ್ಯಾಪಿಲೋಮ ವೈರಸ್ ಎಂದು ಕರೆಯುವ ಈ ವೈರಸ್ಸಿನಲ್ಲಿ 200ಕ್ಕೂ ಮಿಕ್ಕಿದ ಬಗೆಗಳಿವೆ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಬಗೆಗಳು ಬೇರೆ, ಕೈಬೆರಳಿನ ಸಾಮಾನ್ಯ ನರಹುಲಿಯ ಬಗೆಗಳು ಬೇರೆ. ಹೆಸರು ಒಂದೇ ಎಂದು ಗಾಬರಿಯಾಗಬೇಕಾದ್ದಿಲ್ಲ. ವೈರಸ್ಸು ಚರ್ಮದ ಸಣ್ಣ ತರಚುಗಾಯಗಳ ಮೂಲಕ ಒಳಹೊಗುತ್ತದೆ; ಸದಾ ನೀರಿನಲ್ಲಿ ನೆನೆದು ಮೆದುವಾದ ಚರ್ಮ ಅದಕ್ಕೆ ಸುಲಭದ ದಾರಿ. ನರಹುಲಿಯಾಗಿದೆ ಎಂದು ಪಾತ್ರೆ ತೊಳೆಯುವ ಕೆಲಸಕ್ಕೆ ಹಾಕುವುದು ಎಷ್ಟು ವಿಪರೀತ ಎಂಬುದನ್ನು ಇದರಿಂದ ತಿಳಿಯಬಹುದು.

ಚಿಕಿತ್ಸೆಗಳಲ್ಲಿ ಹೆಚ್ಚು ಆಧಾರವಿರುವುದು ಸ್ಯಾಲಿಸಿಲಿಕ್ ಆಮ್ಲದ ಲೇಪಕ್ಕೆ. ನರಹುಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸತ್ತ ಚರ್ಮವನ್ನು ಉಜ್ಜಿ ತೆಗೆದು, ಸುತ್ತಲಿನ ಚರ್ಮಕ್ಕೆ ತಾಗದಂತೆ ಪ್ರತಿದಿನ ಹಚ್ಚುತ್ತ ಸುಮಾರು ಮೂರು ತಿಂಗಳು ತಾಳ್ಮೆಯಿಂದಿರಬೇಕು. ಮುಖಕ್ಕೂ ಗುಹ್ಯಾಂಗಗಳಿಗೂ ಇದನ್ನು ಹಚ್ಚಬಾರದು. ಇನ್ನೊಂದು, ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ವಿಧಾನ. ವಿದ್ಯುತ್ತಿನಿಂದ ಸುಡುವುದು, ಕೆರೆದು ತೆಗೆಯುವುದು ವೈದ್ಯರ ಕೈಯಲ್ಲೇ ಆಗಬೇಕಾದವು. ಇವುಗಳಲ್ಲಿ ಯಾವುದೂ ರಾಮಬಾಣವಲ್ಲ. ಪಾದದ ನರಹುಲಿಯಿದ್ದ 240 ರೋಗಿಗಳ ಮೇಲೆ ಇಂಗ್ಲೆಂಡ್ ಮೊದಲಾದೆಡೆ ನಡೆಸಿ 2011ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಆಮ್ಲ ಹಚ್ಚಿದವರಲ್ಲಿಯೂ, ಹೆಪ್ಪುಗಟ್ಟಿಸಿಕೊಂಡವರಲ್ಲಿಯೂ 12 ವಾರಗಳ ಬಳಿಕ ಪೂರ್ತಿ ಗುಣವಾದವರು ನೂರಕ್ಕೆ ಸುಮಾರು 14 ಮಂದಿ ಮಾತ್ರ. ಹೀಗೆ ತನ್ನ ಸೋಲನ್ನೂ ಎಣಿಸಿ ಹೇಳುವುದೇ ವಿಶ್ವಾಸಾರ್ಹ ತಿಳಿವಳಿಕೆಯ ಮೊದಲ ಗುರುತು. ಗೋಡೆಯ ಚೀಟಿಯ ಮೇಲೆ ಯಾವಾಗಲೂ ನೂರಕ್ಕೆ ನೂರು.

ಮಧುಮೇಹಿಗಳು, ಕಾಲಿನ ರಕ್ತಸಂಚಾರ ಕುಂದಿದವರು, ದೇಹದ ರೋಗನಿರೋಧ ಶಕ್ತಿ ತಗ್ಗಿದವರು ಸ್ವಂತ ಚಿಕಿತ್ಸೆಗೆ ಇಳಿಯಬಾರದು. ರಕ್ತ ಸೋರುವ, ಬೇಗ ಬೆಳೆಯುವ, ಬಣ್ಣ ಬದಲಾಗುವ, ವಯಸ್ಸಾದ ಮೇಲೆ ಹೊಸದಾಗಿ ಎದ್ದ ಗಂಟನ್ನು ನರಹುಲಿಯೆಂದು ತಾವೇ ತೀರ್ಮಾನಿಸಬಾರದು. ಗುಹ್ಯಾಂಗಗಳ ನರಹುಲಿಯನ್ನು ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ತೋರಿಸಬೇಕು.

6. ಸಾಕ್ಷಿಗಳು ಏಕೆ ಸಿಗುತ್ತಾರೆ?

ಹಾಗಾದರೆ ಇಷ್ಟೊಂದು ಮನೆಮದ್ದುಗಳಿಗೆ ಇಷ್ಟೊಂದು ಸಾಕ್ಷಿಗಳಿರುವುದು ಹೇಗೆ? ಕುದುರೆಯ ಬಾಲದ ಕೂದಲು ಬಿಗಿದು ಬಿದ್ದುಹೋಯಿತು ಎಂದು ಒಬ್ಬರು, ಸುಣ್ಣ ಸೋಡಾ ಹಚ್ಚಿ ಹೋಯಿತು ಎಂದು ಇನ್ನೊಬ್ಬರು, ಹರಕೆಯಿಂದ ಹೋಯಿತು ಎಂದು ಮತ್ತೊಬ್ಬರು ಹೇಳುತ್ತಾರೆ. ತಮಿಳುನಾಡಿನ ವೈದೀಶ್ವರನ್ ಕೋಯಿಲಿನ ಕೊಳದಲ್ಲಿ ಉಪ್ಪು, ಮೆಣಸು, ಬೆಲ್ಲಗಳನ್ನು ಹಾಕುವ ಹರಕೆ ಪ್ರಸಿದ್ಧವಾಗಿದೆ. ಅವು ಕರಗಿದಂತೆ ಚರ್ಮದ ಬಾಧೆಯೂ ಕರಗಲಿ ಎಂಬುದು ಅದರ ಭಾವ. ಇವರಾರೂ ಸುಳ್ಳು ಹೇಳುವವರಲ್ಲ. ಕಂಡದ್ದನ್ನೇ ಹೇಳುತ್ತಾರೆ.

ಉತ್ತರ ನರಹುಲಿಯ ಸ್ವಭಾವದಲ್ಲಿಯೇ ಇದೆ. ಅದು ಬಹಳ ಮಂದಿಯಲ್ಲಿ ತಾನಾಗಿಯೇ ಮಾಯವಾಗುತ್ತದೆ. ದೇಹ ವೈರಸ್ಸನ್ನು ಗುರುತಿಸಿ ಎದುರಿಸುವ ದಿನ ಬಂದಾಗ ಗಂಟು ಗುರುತೂ ಉಳಿಯದಂತೆ ಅಳಿಸಿಹೋಗುತ್ತದೆ. ಚಿಕಿತ್ಸೆ ಕೊಡದೆ ಮಕ್ಕಳನ್ನು ಎರಡು ವರ್ಷ ಗಮನಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ನರಹುಲಿಗಳು ತಾವಾಗಿ ಹೋಗಿದ್ದವು. ಅಂದಮೇಲೆ ನೂರು ಮಕ್ಕಳಿಗೆ ಏನನ್ನು ಹಚ್ಚಿದರೂ ಎರಡು ವರ್ಷದಲ್ಲಿ ಅರುವತ್ತಕ್ಕೂ ಹೆಚ್ಚು ಸಾಕ್ಷಿಗಳು ಸಿಗುತ್ತಾರೆ. ಗುಣವಾಗದೆ ಉಳಿದವರು ಸಾಕ್ಷಿ ಹೇಳಲು ಬರುವುದಿಲ್ಲ. ಅವರು ಇನ್ನೊಂದು ಮದ್ದನ್ನು ಹುಡುಕಿಕೊಂಡು ಹೋಗಿರುತ್ತಾರೆ. ಒಂದು ವಂಶದ ಪ್ರತಿಗಳೆಲ್ಲ ಒಂದೇ ತಪ್ಪನ್ನು ಹೇಳಿದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ ಎಂದು ಗ್ರಂಥಸಂಪಾದಕ ತೀರ್ಮಾನಿಸುತ್ತಾನೆ. ಮದ್ದಿನ ಸಾಕ್ಷ್ಯಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ: ಮದ್ದು ಹಚ್ಚದವರನ್ನೂ ಪಕ್ಕದಲ್ಲಿಟ್ಟು ಎಣಿಸದ ಹೊರತು ಎಷ್ಟು ಸಾಕ್ಷಿಗಳಿದ್ದರೂ ಪ್ರಮಾಣವಾಗುವುದಿಲ್ಲ. ಕೆಲವು ವರ್ಷ ಹೆಸರು ಮಾಡಿದ ಅಂಟುಪಟ್ಟಿಯ ಚಿಕಿತ್ಸೆಗೆ ಆದದ್ದು ಇದೇ. 2002ರ ಒಂದು ಅಧ್ಯಯನ ಅದನ್ನು ಎತ್ತಿಹಿಡಿಯಿತು; ಮತ್ತೆ ಎಚ್ಚರದಿಂದ ನಡೆಸಿ 2006 ಮತ್ತು 2007ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ ಗಣನೀಯವಾದ ಪ್ರಯೋಜನ ಕಾಣಲಿಲ್ಲ. ಮೊದಲ ಪ್ರತಿಯನ್ನೇ ನಂಬಿ ಸಂಪಾದಿಸಬಾರದೆಂಬ ನಿಯಮ ಪ್ರಯೋಗಶಾಲೆಗೂ ಇದೆ.

ಇದರಿಂದ ಹರಕೆಯನ್ನು ಹೀಗಳೆಯಬೇಕಾಗಿಲ್ಲ. ನೀರಿನಲ್ಲಿ ಉಪ್ಪು ಕರಗಿಸಿದವನ ಬೆರಳು ಸುಡುವುದಿಲ್ಲ. ಕಾಯುವುದಕ್ಕೆ ಅವನಿಗೊಂದು ಆಧಾರ ಸಿಗುತ್ತದೆ. ಹಾನಿಯಿಲ್ಲದೆ ಕಾಯುವುದು ನರಹುಲಿಯ ವಿಷಯದಲ್ಲಿ ಒಂದು ಚಿಕಿತ್ಸೆಯೇ ಸರಿ. ಅಪಾಯವಿರುವುದು ಸುಡುವ ಮದ್ದುಗಳಲ್ಲಿ.

7. ವಿಭಾಗಗಳ ಹೊಣೆ

ಈ ಹಿನ್ನೆಲೆಯಲ್ಲಿ, ಮದ್ದಿನ ಮಾತನ್ನು ಓದುವ ಕನ್ನಡ ವಿದ್ಯಾರ್ಥಿ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಐದು. ರೋಗದ ಹೆಸರು ಯಾವ ಭಾಷೆಯಲ್ಲಿ, ಯಾವ ಊರಿನಲ್ಲಿ, ಯಾವುದನ್ನು ಸೂಚಿಸುತ್ತದೆ? ಸಸ್ಯದ ಹೆಸರು ಗ್ರಂಥದ ಕಾಲದಲ್ಲಿ ಯಾವ ಸಸ್ಯಕ್ಕೆ ಸಲ್ಲುತ್ತಿತ್ತು? ಪಾಠದಲ್ಲಿ ಲೋಪವಿದೆಯೇ, ಇದ್ದರೆ ಲೋಪವಾದದ್ದು ಮದ್ದೇ ಎಚ್ಚರಿಕೆಯೇ? ಹೇಳಿದವರು ಕಂಡು ಹೇಳಿದರೇ, ಕೇಳಿ ಹೇಳಿದರೇ, ಮಾರುವುದಕ್ಕಾಗಿ ಹೇಳಿದರೇ? ಕೊನೆಯದಾಗಿ, ಮದ್ದು ಹಚ್ಚದವರೊಡನೆ ಹೋಲಿಸಿ ನೋಡಿದವರು ಯಾರಾದರೂ ಇದ್ದಾರೆಯೇ? ಮೊದಲ ಮೂರು ಪ್ರಶ್ನೆಗಳಿಗೆ ನಾವು ಉತ್ತರ ಹುಡುಕಬಲ್ಲೆವು. ನಾಲ್ಕನೆಯದರಲ್ಲಿ ನೆರವಾಗಬಲ್ಲೆವು. ಐದನೆಯದನ್ನು ವೈದ್ಯರಿಗೆ ಒಪ್ಪಿಸಿ ಸುಮ್ಮನಿರುವುದನ್ನು ಕಲಿಯಬೇಕು.

ಆದರೆ ಸುಮ್ಮನಿರುವುದಷ್ಟೇ ನಮ್ಮ ಹೊಣೆಯಲ್ಲ. ಮುಂಬಯಿಯಲ್ಲಿ ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡದಲ್ಲಿ ಕಲಿತ ತಲೆಮಾರುಗಳಿವೆ. ಅವರ ಮಕ್ಕಳು ಇಂಗ್ಲಿಷಿನಲ್ಲಿ ಓದಿಕೊಂಡಾರು. ಊರಿನಿಂದ ಹೊಸದಾಗಿ ಬರುವ ತರುಣನಿಗೆ ಮಾತ್ರ ಕನ್ನಡವೇ ಗತಿ. ಡಾ. ಎಂ. ಶಿವರಾಂ, ಡಾ. ಅನುಪಮಾ ನಿರಂಜನ ಅವರಂಥ ವೈದ್ಯ ಸಾಹಿತಿಗಳು ಸಾಮಾನ್ಯ ಓದುಗನಿಗೆ ತಿಳಿಯುವ ಕನ್ನಡದಲ್ಲಿ ದೇಹ ಮನಸ್ಸುಗಳ ವಿಚಾರವನ್ನು ಬರೆದು ತೋರಿಸಿದ್ದಾರೆ. ಆ ಕೆಲಸ ಒಬ್ಬಿಬ್ಬರ ಪ್ರತಿಭೆಯನ್ನೇ ನೆಚ್ಚಿ ನಿಲ್ಲಬಾರದು. ಕನ್ನಡ ವಿಭಾಗಗಳು ವೈದ್ಯರೊಡನೆ ಕುಳಿತು, ಸಾಮಾನ್ಯ ರೋಗಗಳ ಹೆಸರುಗಳನ್ನು ಕನ್ನಡ, ತುಳು, ಕೊಂಕಣಿ, ಮರಾಠಿ, ಹಿಂದಿಗಳಲ್ಲಿ ಒಟ್ಟಿಗೆ ಇಟ್ಟು, ಲಕ್ಷಣ, ಎಚ್ಚರಿಕೆಗಳೊಡನೆ ಸಣ್ಣ ಪುಸ್ತಿಕೆಗಳನ್ನು ಸಿದ್ಧಪಡಿಸಬಹುದು. ಮನೆಮನೆಯ ಮದ್ದಿನ ಪುಸ್ತಕಗಳನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಪ್ರತಿ ಸಂಪಾದನೆಯ ಆರಂಭದಲ್ಲಿ, ಇದು ಅಧ್ಯಯನಕ್ಕಾಗಿ, ಬಳಕೆಗಾಗಿ ಅಲ್ಲ ಎಂಬ ಒಂದು ವಾಕ್ಯವನ್ನು ಸೇರಿಸಬಹುದು. ಇವೆರಡೂ ಹೆಚ್ಚು ಖರ್ಚಿನ ಕೆಲಸಗಳಲ್ಲ.

ಕನ್ನಡದಲ್ಲಿ ಪ್ರಮಾಣ ಎಂಬ ಪದಕ್ಕೆ ಅಳತೆ, ಆಧಾರ, ಆಣೆ ಎಂಬ ಅರ್ಥಗಳಿವೆ. ಮದ್ದಿನ ವಿಷಯದಲ್ಲಿ ಈ ಮೂರೂ ಕೂಡಿಬರಬೇಕು: ಎಷ್ಟು ಎಂಬ ಅಳತೆ, ಏಕೆ ನಂಬಬೇಕು ಎಂಬ ಆಧಾರ, ಹೇಳಿದ ಮಾತಿಗೆ ನಾನು ಬದ್ಧನೆಂಬ ಆಣೆ. ಅಂದು ನನ್ನ ಓದಿನಲ್ಲಿ ಈ ಮೂರೂ ಇರಲಿಲ್ಲ. ಆ ತರುಣನ ಬೆರಳು ವಾಸಿಯಾಯಿತು. ವೈದ್ಯೆ ಕೊಟ್ಟ ಲೇಪವನ್ನು ತಿಂಗಳುಗಟ್ಟಲೆ ಹಚ್ಚಿದ ಮೇಲೆ ನರಹುಲಿಗಳೂ ಒಂದೊಂದಾಗಿ ಹೋದವು. ಅವು ಲೇಪದಿಂದ ಹೋದವೋ, ತಾವಾಗಿ ಹೋದವೋ ಎಂದು ಹೇಳಲು ಬಾರದು ಎಂಬುದನ್ನೂ ಇಷ್ಟು ವಿವೇಚನೆಯ ಬಳಿಕ ಒಪ್ಪಿಕೊಳ್ಳಲೇಬೇಕು. ಆತ ಮತ್ತೆ ಬಡಿಸುವ ಕೆಲಸಕ್ಕೆ ಮರಳಿದ. ಅಜ್ಜನ ನೋಟುಪುಸ್ತಕವನ್ನು ನನ್ನಲ್ಲಿಯೇ ಬಿಟ್ಟುಹೋಗಿದ್ದಾನೆ. ಅದರ ಹರಿದ ಅಂಚಿನ ಎದುರಿಗೆ ಈಗ ನಾನು ಚುಕ್ಕೆಗಳನ್ನಿಟ್ಟಿದ್ದೇನೆ.